ವೆಂಟಿಲೇಟರ್ ತೆಗೆಯುವ ವಿಚಾರದಲ್ಲಿ ಮಕ್ಕಳಲ್ಲೇ ಒಮ್ಮತವಿಲ್ಲ, ಕಾನೂನು ಯಾರ ಮಾತು ಕೇಳುತ್ತದೆ?

ಪ್ರಶ್ನೆ (ಸುರತ್ಕಲ್‌ನ ಸದಸ್ಯರು):
ನಮಸ್ಕಾರ ಮೇಡಂ. ನಮ್ಮ ತಾಯಿಗೆ 79 ವರ್ಷ. ಮಿದುಳಿನಲ್ಲಿ ರಕ್ತಸ್ರಾವವಾಗಿ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ವಾರಗಳು ಕಳೆದರೂ ಪ್ರಜ್ಞೆ ಬಂದಿಲ್ಲ. ಈಗ ಮೂತ್ರಪಿಂಡವೂ ಸೋತಿದೆ. ಡಯಾಲಿಸಿಸ್ ಮಾಡಿದರೂ ಚೇತರಿಸುವ ಲಕ್ಷಣವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಇನ್ನು ಅಮ್ಮನನ್ನು ನೋಯಿಸುವುದು ಬೇಡ ಎಂದು ನನಗೂ ಅಕ್ಕನಿಗೂ ಅನ್ನಿಸುತ್ತದೆ. ದುಬೈಯಲ್ಲಿರುವ ಅಣ್ಣ ಮಾತ್ರ, "ಖರ್ಚು ಎಷ್ಟಾದರೂ ನಾನು ಕೊಡುತ್ತೇನೆ, ಒಂದು ನಳಿಕೆ ತೆಗೆದರೂ ಕೇಸು ಹಾಕುತ್ತೇನೆ" ಎನ್ನುತ್ತಾರೆ. ಆಸ್ಪತ್ರೆಯವರು "ನೀವು ಮನೆಯವರು ಮೊದಲು ಒಂದಾಗಿ ಬನ್ನಿ" ಎಂದು ಹೇಳಿ ಸುಮ್ಮನಾಗಿದ್ದಾರೆ. ಕಾನೂನಿನ ಪ್ರಕಾರ ನಿರ್ಧಾರ ಯಾರದ್ದು?

ಉತ್ತರ (ಉಡುಪಿಯ ವಕೀಲೆ):
ಯಾರೊಬ್ಬರದ್ದೂ ಅಲ್ಲ. ಹಿರಿಯ ಮಗನದ್ದಲ್ಲ, ಬಿಲ್ ಕಟ್ಟುವವರದ್ದಲ್ಲ, ವೈದ್ಯರದ್ದೂ ಅಲ್ಲ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 'ಕಾಮನ್ ಕಾಸ್' ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನೊಳಗೇ ಸೇರುತ್ತದೆ ಎಂದು ಹೇಳಿತು. ಚಿಕಿತ್ಸೆ ನಿಲ್ಲಿಸಲು ಆಗ ವಿಧಿಸಿದ್ದ ಕ್ರಮ ಎಷ್ಟು ತೊಡಕಾಗಿತ್ತೆಂದರೆ ಮ್ಯಾಜಿಸ್ಟ್ರೇಟರೇ ಬಂದು ರೋಗಿಯನ್ನು ನೋಡಬೇಕಿತ್ತು. 2023ರ ಜನವರಿ 24ರಂದು ನ್ಯಾಯಾಲಯವೇ ಅದನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿದೆ.

ಈಗಿನ ಕ್ರಮ ಹೀಗಿದೆ. ಚಿಕಿತ್ಸೆ ನೀಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಸೇರಿ ಆಸ್ಪತ್ರೆಯಲ್ಲಿ ಪ್ರಾಥಮಿಕ ಮಂಡಳಿಯಾಗುತ್ತಾರೆ. ಅವರು ಮನೆಯವರೊಂದಿಗೆ ಕುಳಿತು ಚಿಕಿತ್ಸೆ ಮುಂದುವರಿಸಿದರೆ ಏನು, ನಿಲ್ಲಿಸಿದರೆ ಏನು ಎಂದು ವಿವರಿಸಬೇಕು, ಅದನ್ನು ಬರೆದಿಡಬೇಕು, ಆದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. ಅವರು ನಿಲ್ಲಿಸಬಹುದೆಂದರೆ ಎರಡನೆಯ ಮಂಡಳಿ ಸ್ವತಂತ್ರವಾಗಿ ಪರೀಕ್ಷಿಸುತ್ತದೆ. ಮೊದಲ ಮಂಡಳಿಯಲ್ಲಿದ್ದವರು ಅದರಲ್ಲಿ ಇರುವಂತಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಇರಲೇಬೇಕು. ಎರಡೂ ಒಪ್ಪಿ, ಮನೆಯವರ ಲಿಖಿತ ಒಪ್ಪಿಗೆಯೂ ಇದ್ದರೆ, ಕಾರ್ಯರೂಪಕ್ಕೆ ತರುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಿಳಿಸಿದರೆ ಸಾಕು, ಅವರ ಅನುಮತಿಗಾಗಿ ಕಾಯಬೇಕಿಲ್ಲ.

ಆದ್ದರಿಂದ "ಒಂದಾಗಿ ಬನ್ನಿ" ಎಂದು ನಿಮ್ಮನ್ನು ಕಾರಿಡಾರಿನಲ್ಲಿ ನಿಲ್ಲಿಸಿರುವುದು ನನಗೆ ಸರಿ ಕಾಣುವುದಿಲ್ಲ. ಮನೆಯವರು ಒಂದಾಗುವುದು ಬಹಳ ಸಲ ಆ ಮಂಡಳಿಯ ಎದುರು ಕುಳಿತ ಮೇಲೆಯೇ. ಪ್ರಾಥಮಿಕ ಮಂಡಳಿ ರಚಿಸಿ ನಮ್ಮೊಂದಿಗೆ ಮಾತನಾಡಿ ಎಂದು ವೈದ್ಯಕೀಯ ಅಧೀಕ್ಷಕರಿಗೆ ಪತ್ರ ಕೊಡಿ, ಸ್ವೀಕೃತಿ ಪಡೆಯಿರಿ.

ಅಣ್ಣನವರನ್ನು ಶತ್ರುವಾಗಿ ನೋಡಬೇಡಿ. ನೀವು ದಿನವೂ ಅಮ್ಮನ ಊದಿದ ಕೈ ಹಿಡಿದು ನೋಡಿದ್ದೀರಿ, ಅವರು ನೋಡಿಲ್ಲ. "ನಿನಗೇನು ಬೇಕು" ಎಂದು ಕೇಳಿದರೆ ಅಮ್ಮ ಬೇಕು ಎಂದೇ ಅವರು ಹೇಳುತ್ತಾರೆ, ಯಾವ ಮಗ ಬೇರೆ ಹೇಳಿಯಾನು? ಕೇಳಬೇಕಾದದ್ದು "ಅಮ್ಮನೇ ಎದ್ದು ಕುಳಿತು ತನ್ನ ಸ್ಥಿತಿ ನೋಡಿದ್ದರೆ ಏನೆನ್ನುತ್ತಿದ್ದರು" ಎಂದು. ನೆರೆಮನೆಯ ಯಾರಾದರೂ ಹೀಗೆ ಮಲಗಿದ್ದಾಗ, ಅಪ್ಪ ತೀರಿಕೊಂಡಾಗ ಅಮ್ಮ ಏನು ಹೇಳಿದ್ದರು? ಮೂವರೂ ನೆನಪಿಸಿಕೊಂಡು ಬರೆಯಿರಿ, ಮಂಡಳಿಯ ಮುಂದಿಡಿ.

ಆಮೇಲೂ ಒಮ್ಮತವಾಗದಿದ್ದರೆ ಆಸ್ಪತ್ರೆ ಚಿಕಿತ್ಸೆ ನಿಲ್ಲಿಸಲು ಧೈರ್ಯ ಮಾಡುವುದಿಲ್ಲ, ಮಾಡಲೂಬಾರದು. ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯಿದೆ. ಮಂಗಳೂರು, ಉಡುಪಿ ಎರಡೂ ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ ಬರುತ್ತವೆ. ಅಲ್ಲಿಗೆ ಹೋಗುವ ಮೊದಲು ಬೇರೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಇಂತಿಷ್ಟು ದಿನ ಚಿಕಿತ್ಸೆ ಮುಂದುವರಿಸಿ ನೋಡೋಣ, ಬದಲಾವಣೆ ಕಾಣದಿದ್ದರೆ ಮತ್ತೆ ಕುಳಿತು ಮಾತನಾಡೋಣ ಎಂದು ಅಣ್ಣನಿಗೆ ಹೇಳಿ. ನಾನು ಕಂಡಂತೆ ಹೆಚ್ಚಿನ ಮನೆಗಳಲ್ಲಿ ಜಗಳ ಅಲ್ಲಿಗೇ ಇಳಿಯುತ್ತದೆ.

ಸದಸ್ಯರು (ಕಾಪು):
ನಮ್ಮದು ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ. ಇಂಥ ವಿಷಯದಲ್ಲಿ ಅಮ್ಮನ ಅಣ್ಣ, ಅಂದರೆ ಮಾವನ ಮಾತೇ ಕೊನೆಯದು. ಆಸ್ಪತ್ರೆ ಅವರ ಸಹಿ ಒಪ್ಪುತ್ತದೆಯೇ?

ಉತ್ತರ:
ಅಳಿಯಸಂತಾನದ ಪದ್ಧತಿ ಇಲ್ಲಿ ಅನ್ವಯಿಸುವುದಿಲ್ಲ. ಹತ್ತಿರದ ಬಂಧುಗಳಲ್ಲಿ ಯಾರು ಮೊದಲು ಎಂಬ ಪಟ್ಟಿಯನ್ನು ಸುಪ್ರೀಂ ಕೋರ್ಟ್ ಕೊಟ್ಟಿಲ್ಲ. ಮಾವನವರು ಮಂಡಳಿಯ ಚರ್ಚೆಯಲ್ಲಿ ಕುಳಿತುಕೊಳ್ಳಲಿ, ಅವರು ಹೇಳಿದರೆ ಮನೆಯವರ ಮನಸ್ಸು ಹಗುರಾಗುತ್ತದೆ ಎಂಬುದೂ ನಿಜ. ಆದರೆ ಮಕ್ಕಳನ್ನು ಬಿಟ್ಟು ಅವರೊಬ್ಬರ ಸಹಿ ಸಾಲದು.

ರಕ್ತಸಂಬಂಧವೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ನಮ್ಮ ಕರಾವಳಿಯವರೇ ಆದ ಅರುಣಾ ಶಾನಭಾಗರ ಪ್ರಕರಣವಿದೆ. ಹೊನ್ನಾವರದ ಹಳದೀಪುರದವರು, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅಲ್ಲಿಯೇ ಅವರ ಮೇಲೆ ಬರ್ಬರ ಹಲ್ಲೆ ನಡೆಯಿತು. ಆಮೇಲೆ ಪ್ರಜ್ಞೆ ಪೂರ್ತಿ ಮರಳದ ಅವರನ್ನು ನಾಲ್ಕು ದಶಕ ಅದೇ ಆಸ್ಪತ್ರೆಯ ಸಿಬ್ಬಂದಿ ನೋಡಿಕೊಂಡರು. ಆಹಾರ ನಿಲ್ಲಿಸಲು ಅನುಮತಿ ಕೋರಿದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ಅವರ ಪರವಾಗಿ ಮಾತನಾಡುವ ಹಕ್ಕು ಇಷ್ಟು ವರ್ಷ ಆರೈಕೆ ಮಾಡಿದವರದ್ದು ಎಂದು ಹೇಳಿತು. ಅರುಣಾ 2015ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರನ್ನು ನೆನೆಯದೆ ಈ ಕಾನೂನನ್ನು ವಿವರಿಸಲು ನನಗೆ ಆಗುವುದಿಲ್ಲ.

ಸದಸ್ಯರು (ಬ್ರಹ್ಮಾವರ):
ಇಷ್ಟೆಲ್ಲ ಯಾಕೆ ಮೇಡಂ, ಸಹಿ ಹಾಕಿ ಮನೆಗೆ ಕರೆದುಕೊಂಡು ಹೋಗಬಹುದಲ್ಲ? ನಮ್ಮಲ್ಲಿ ಮನೆಯಲ್ಲಿಯೇ ಬಾಯಿಗೆ ನೀರು ಬಿಡಬೇಕು ಎಂಬ ಆಸೆ ಇರುತ್ತದೆ.

ಉತ್ತರ:
ಆ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ "ವೈದ್ಯರ ಸಲಹೆಗೆ ವಿರುದ್ಧವಾಗಿ" ಎಂದು ಸಹಿ ಹಾಕಿ, ಆಂಬುಲೆನ್ಸ್‌ನಲ್ಲಿ ಕೈಯಿಂದ ಗಾಳಿ ಒತ್ತುತ್ತಾ ಕರೆತಂದು, ಅಂಗಳದಲ್ಲಿ ನಳಿಕೆ ಕಿತ್ತರೆ ರೋಗಿ ಉಸಿರುಗಟ್ಟಿ ಒದ್ದಾಡಬಹುದು. ಅದನ್ನು ನೋಡಿದ ಮಕ್ಕಳು ಜೀವನಪೂರ್ತಿ ಮರೆಯುವುದಿಲ್ಲ. ನೋವು ಮತ್ತು ಉಸಿರಾಟದ ಸಂಕಟ ಶಮನ ಮಾಡುವ ಔಷಧಿಗಳಿವೆ, ಮಾರ್ಫಿನ್ ಸಿಗುವುದನ್ನು ಸುಲಭಗೊಳಿಸಲು 2014ರಲ್ಲಿ ಕಾನೂನನ್ನೇ ತಿದ್ದಲಾಯಿತು. ಮಣಿಪಾಲದಲ್ಲಿ ಇಂಥ ಸಂಕಟ ಶಮನ ಮಾಡುವ ಉಪಶಾಮಕ ಚಿಕಿತ್ಸೆಯ ಪ್ರತ್ಯೇಕ ವಿಭಾಗವೇ ಇದೆ. ಮನೆಗೆ ಕರೆತರುವುದಾದರೆ ಅಂಥ ವೈದ್ಯರೊಂದಿಗೆ ಮಾತನಾಡಿ, ಔಷಧಿ, ಫೋನ್ ಸಂಖ್ಯೆ ಎಲ್ಲ ಸಿದ್ಧಪಡಿಸಿಕೊಂಡು ಕರೆತನ್ನಿ.

ಸದಸ್ಯರು (ಕುಂದಾಪುರ):
ನನಗೆ ಹೀಗಾಗುವುದು ಬೇಡ. ನನ್ನ ಇಚ್ಛೆಯನ್ನು ಈಗಲೇ ಬರೆದಿಡಬಹುದೇ?

ಉತ್ತರ:
ಬರೆದಿಡಿ. 18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ನಿಮಗೆ ಪ್ರಜ್ಞೆ ಇಲ್ಲದಾಗ ಒಪ್ಪಿಗೆ ಕೊಡಬೇಕಾದವರ ಹೆಸರು ಅದರಲ್ಲಿರಬೇಕು, ಒಬ್ಬರಿಗಿಂತ ಹೆಚ್ಚು ಹೆಸರೂ ಇರಬಹುದು. ಪ್ರತಿಯನ್ನು ಅವರಿಗೆ, ಕುಟುಂಬ ವೈದ್ಯರಿಗೆ ಮತ್ತು ಪಂಚಾಯತ್ ಅಥವಾ ಪುರಸಭೆಯ ನಿಯೋಜಿತ ಅಧಿಕಾರಿಗೆ ಕೊಡಿ. ಮನಸ್ಸು ಬದಲಾದರೆ ಬರಹದಲ್ಲಿಯೇ ರದ್ದು ಮಾಡಬಹುದು.

ಸುರತ್ಕಲ್‌ನ ಸದಸ್ಯರು:
ಧನ್ಯವಾದ ಮೇಡಂ. ನಾಳೆಯೇ ಪತ್ರ ಕೊಡುತ್ತೇವೆ. ಅಣ್ಣನಿಗೆ ಈ ವಾರ ರಜೆ ಸಿಗುವುದಿಲ್ಲವಂತೆ.

ಉತ್ತರ:
ಅವರನ್ನು ವಿಡಿಯೋ ಕರೆಯಲ್ಲಿ ಸೇರಿಸಿಕೊಳ್ಳಬೇಕೆಂದು ಪತ್ರದಲ್ಲಿಯೇ ಬರೆಯಿರಿ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಅವರ ಕೆಲಸ ಮುಗಿಯುವ ಹೊತ್ತು ಕೇಳಿಕೊಂಡು ಸಭೆಯ ಸಮಯ ಕೋರಿ. ಕೇಸು ಹಾಕುತ್ತೇನೆ ಎಂದಿದ್ದನ್ನು ಅಲ್ಲಿ ಎತ್ತಬೇಡಿ. ವೈದ್ಯರು ಮೊದಲು ಅವರೊಂದಿಗೇ ಮಾತು ಆರಂಭಿಸಲಿ.