ಸುಧಾ, ಫುಲ್ಮಾರ್ ಹಕ್ಕಿಯ ಹತ್ತಿರ ಮಾತ್ರ ಹೋಗಗೊಡಬೇಡ

ಸುಧಾ, ಮಾಳಮಡ್ಡಿ ಕಾಕಾ ಮಾತನಾಡುತ್ತಿದ್ದೇನೆ. ಪ್ರಸನ್ನ ಮತ್ತು ಸೊಸೆ ನಾಲ್ಕು ವರ್ಷದ ಕೂಸನ್ನು ಕರೆದುಕೊಂಡು, ಒಳಗೇ ಮಲಗಿ ಅಡಿಗೆ ಮಾಡಿಕೊಳ್ಳುವ ವ್ಯಾನಿನಲ್ಲಿ ಆಗಸ್ಟ್ ಎರಡನೆಯ ವಾರ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಿಗೆ ಕಡಲಹಕ್ಕಿ ನೋಡಲು ಹೊರಟಿದ್ದಾರೆ, ಗಾಳಿಗೆ ವ್ಯಾನ್ ಉರುಳೀತೇ ಎಂದು ಕೇಳಿರುವೆ. ಗಿಡಮರಗಳೇ ಅಪರೂಪವಾದ ಊರದು, ಗಾಳಿ ಇದ್ದೇ ಇರುತ್ತದೆ. ಜೋರಾದಾಗ ಓಡಿಸದೆ ಒಂದು ಗೋಡೆಯ ಮರೆಗೆ ನಿಲ್ಲಿಸಿದರಾಯಿತು. ನನ್ನ ಹೆದರಿಕೆ ಫುಲ್ಮಾರ್ ಎಂಬ ಹಕ್ಕಿಯದು.

2012ರಲ್ಲಿ ನಾನೂ ನಿಮ್ಮ ಕಾಕುವೂ ಮಗನ ಜೊತೆ ಹೀಗೆಯೇ ಹೋಗಿದ್ದೆವು. ದಕ್ಷಿಣ ತುದಿಯ ಸಂಬರ್ಗ್ ಹೆಡ್‌ನಲ್ಲಿ, 1821ರಲ್ಲಿ ಕಟ್ಟಿದ ದೀಪಸ್ತಂಭದ ಗೋಡೆಗೆ ಒರಗಿ, ಬಣ್ಣದ ಕೊಕ್ಕಿನ ಪಫಿನ್‌ಗಳು ಬಿಲದಿಂದ ಹೊರಬಂದು ಕಡಲಿಗೆ ಹಾರುವುದನ್ನು ನೋಡುತ್ತಿದ್ದೆ. ಕೈಯಳತೆಯ ಹುಲ್ಲಿನ ಮೇಲೆ, ಬೂದುಬಿಳಿ ಬಣ್ಣದ, ಕೊಕ್ಕಿನ ಮೇಲೊಂದು ಕೊಳವೆಯಿದ್ದ ಹಕ್ಕಿ ಕುಳಿತಿತ್ತು. ಕೆಲಗೇರಿ ಕೆರೆಯ ಬಾತುಕೋಳಿಯಷ್ಟೇ ಸಾಧುವೆಂದು ಭಾವಿಸಿ, ಚಿತ್ರ ತೆಗೆಯಲು ಬಗ್ಗಿದೆ. ಅದು ಹೊಟ್ಟೆಯೊಳಗಿನ ಎಣ್ಣೆಯನ್ನು ನನ್ನ ಉಣ್ಣೆಯ ಕೋಟಿನ ಮೇಲೆ ಕಾರಿತು. ಗೂಡು ಕಾಯಲು ಅದಕ್ಕಿರುವ ಆಯುಧವೇ ಅದು. ಬೇರೆ ಹಕ್ಕಿಯ ರೆಕ್ಕೆಗೆ ತಾಗಿದರೆ ಪುಕ್ಕಗಳು ಅಂಟಿಕೊಂಡು ಅದು ಹಾರಲಾರದಂತಾಗುತ್ತದೆ. ಕೊಳೆತ ಮೀನಿನ ಆ ನಾತವನ್ನು ಹೇಗೆ ಹೇಳಲಿ! ಹೊರಗೆ ಮಳೆ, ಕಿಟಕಿ ತೆರೆಯುವಂತಿಲ್ಲ, ಮೂರು ರಾತ್ರಿ ನಿಮ್ಮ ಕಾಕು ಮೂಗಿಗೆ ಸೆರಗು ಒತ್ತಿಕೊಂಡೇ ಮಲಗಿದಳು. ಆದ್ದರಿಂದ ಕೂಸನ್ನು ಫುಲ್ಮಾರ್ ಹತ್ತಿರ ಬಿಡಬೇಡಿ.

ಆ ಕೋಟನ್ನು ಇಲ್ಲಿ ಎರಡು ಸಲ ಲಾಂಡ್ರಿಗೆ ಕೊಟ್ಟೆ. ಮೂರನೆಯ ಸಲ ಅವನು ಕೈಯಲ್ಲಿ ಹಿಡಿಯಲೂ ಒಪ್ಪಲಿಲ್ಲ. ಗದಗಿನ ಮದುವೆಯಲ್ಲಿ ನೀವೆಲ್ಲ ಪಂಕ್ತಿಯಲ್ಲಿ ಕುಳಿತು ನನ್ನನ್ನು ಮೀನೆಣ್ಣೆ ಕಾಕಾ ಎಂದು ಕರೆದು ನಕ್ಕಿರಿ, ಆದರೆ ಅಲ್ಲಿ ಯಾವ ಹಕ್ಕಿ ನೋಡಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಅಷ್ಟೇ ಅಲ್ಲ, ಅಲ್ಲಿಂದ ತಂದ ದುರ್ಬೀನನ್ನು ದಾಂಡೇಲಿಯಲ್ಲಿ ಮಂಗಟ್ಟೆ ನೋಡುತ್ತೇವೆಂದು ಒಯ್ದವರು ಈ ಗ್ರೂಪಿನಲ್ಲಿಯೇ ಇದ್ದಾರೆ, ದಿನಾ ಶುಭೋದಯವನ್ನೂ ಕಳಿಸುತ್ತಾರೆ. ಅವರು ಅದನ್ನು ಮರಳಿಸಿದರೆ ಕೂಸಿಗಾದರೂ ಕಳಿಸಿಕೊಡುತ್ತಿದ್ದೆ. ದುರ್ಬೀನಿದ್ದರೆ ಯಾರೂ ಬಗ್ಗಿ ನೋಡಬೇಕಾಗಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಫುಲ್ಮಾರ್ ಮರಿಯೂ ಎಣ್ಣೆ ಕಾರುತ್ತದೆ, ಮುದ್ದಾಗಿದೆಯೆಂದು ಹತ್ತಿರ ಹೋಗಬೇಡಿ.

ಅಯ್ಯೋ, ಆಗಸ್ಟ್ ಎರಡನೆಯ ವಾರ ಎಂದೆಯಲ್ಲವೇ? ಅಷ್ಟರೊಳಗೆ ಪಫಿನ್‌ಗಳು ಬಹುತೇಕ ಕಡಲಿಗೆ ಮರಳಿರುತ್ತವೆ. ಕೂಸಿನ ಆಸೆಯೇ ಅದಾದರೆ ಪ್ರವಾಸವನ್ನು ಜುಲೈ ನಡುವಿನೊಳಗೆ ತರಲು ಪ್ರಸನ್ನನಿಗೆ ಇಂದೇ ಹೇಳು. ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಿಂದ ಶೆಟ್ಲೆಂಡಿನ ಲರ್ವಿಕ್‌ಗೆ ಇಡೀ ರಾತ್ರಿಯ ಹಡಗು. ಟಿಕೆಟ್ ತೆಗೆಯುವಾಗ ಹಿಂದೆ ಕಟ್ಟಿದ ಸೈಕಲ್ಲನ್ನೂ ಸೇರಿಸಿ ವ್ಯಾನಿನ ಉದ್ದ ಹೇಳಬೇಕು, ಹಡಗಿಗೆ ಏರಿಸುವ ಮೊದಲು ಗ್ಯಾಸ್ ಬಂದ್ ಮಾಡಬೇಕು. ಹಡಗು ಹೊರಟ ಮೇಲೆ ಕೆಳಗಿನ ವ್ಯಾನಿಗೆ ಹೋಗಗೊಡುವುದಿಲ್ಲವಾದ್ದರಿಂದ ಕೂಸಿನ ಔಷಧ, ಸ್ವೆಟರ್, ತಿನ್ನುವ ಪದಾರ್ಥಗಳ ಚೀಲವನ್ನು ಮೊದಲೇ ಮೇಲಕ್ಕೆ ಒಯ್ದುಕೊಳ್ಳಲಿ.