ಎಸಿಎಲ್ ಆಪರೇಷನ್ ಆದ್ಮೇಲೆ ಕಾಲು ರೆಡಿ, ಆದ್ರೆ ಸ್ಕೋರ್ 47. ಆಡ್ಬೋದಾ?

ವಾಲಿಬಾಲ್_ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಒಂದು ಲಿಗಮೆಂಟ್) ಆಪರೇಷನ್ ಆಗಿ ಒಂಬತ್ತು ತಿಂಗ್ಳು ದಾಟ್ತು. ತೊಡೆ ಸ್ಟ್ರೆಂತ್, ಹಾಪ್ ಟೆಸ್ಟ್ (ಒಂಟಿ ಕಾಲಲ್ಲಿ ಕುಪ್ಪಳಿಸೋದು) ಎರಡ್ರಲ್ಲೂ ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ 90 ಪರ್ಸೆಂಟ್ ಮೇಲೆ ಇದೆ, ಸರ್ಜನ್ ಕೂಡ ಓಕೆ ಅಂದ್ರು. ಆದ್ರೆ ಫಿಸಿಯೋ ಎಸಿಎಲ್-ಆರ್‌ಎಸ್‌ಐ ಅಂತ, ಆಟಕ್ಕೆ ವಾಪಸ್ ಬರೋಕೆ ಮನಸ್ಸು ಎಷ್ಟು ರೆಡಿ ಅಂತ ಅಳೆಯೋ ಒಂದು ಫಾರ್ಮ್ ತುಂಬಿಸಿದ್ರು, 100ಕ್ಕೆ 47 ಬಂತು, ಈಗ್ಲೇ ಮ್ಯಾಚ್ ಬೇಡ ಅಂತಿದಾರೆ. ಬ್ಲಾಕ್‌ಗೆ ಎಗರಿ ಕೆಳಗೆ ಇಳಿಯುವಾಗ ಎದೆ ಝಲ್ ಅನ್ನೋದು ನಿಜ, ಆದ್ರೂ ಒಂದು ಫಾರ್ಮ್ ನೋಡಿ ಆಟ ತಡೆಯೋದು ಸರೀನಾ? ಮನಸ್ಸನ್ನ ಹಂಗೆ ಅಳೆಯೋಕಾಗುತ್ತಾ?

ಫಿಸಿಯೋ_ಎಸ್:
ಪೂರ್ತಿ ಅಳೆಯೋಕಾಗಲ್ಲ ಮೇಡಂ, ಆದ್ರೆ ಅಳೆಯದೇ ಬಿಡೋದು ಇನ್ನೂ ಕೆಟ್ಟದ್ದು. ಈ ಸ್ಕೇಲ್ ಮಾಡಿದ್ದು ಆಸ್ಟ್ರೇಲಿಯಾದ ಕೇಟ್ ವೆಬ್‌ಸ್ಟರ್ ಮತ್ತು ಜೊತೆಗಾರರು, 2008ರಲ್ಲಿ. 12 ಪ್ರಶ್ನೆ, ಮೂರು ವಿಷಯ: ಭಯ-ಟೆನ್ಷನ್ ಥರದ ಭಾವನೆ, ಆಟದ ಬಗ್ಗೆ ಕಾನ್ಫಿಡೆನ್ಸ್, ಮತ್ತೆ ಪೆಟ್ಟಾಗ್ಬೋದು ಅನ್ನೋ ಲೆಕ್ಕಾಚಾರ. ಇದ್ಯಾಕೆ ಬೇಕು ಅಂದ್ರೆ, ಆಪರೇಷನ್ ಆದವ್ರಲ್ಲಿ ಸುಮಾರು 81 ಪರ್ಸೆಂಟ್ ಯಾವ್ದೋ ಒಂದು ಆಟಕ್ಕೆ ವಾಪಸ್ ಬರ್ತಾರೆ, ಮೊದ್ಲಿನ ಲೆವೆಲ್‌ಗೆ ಬರೋರು 65, ಕಾಂಪಿಟೇಷನ್‌ಗೆ ಬರೋರು 55 ಅಷ್ಟೇ, ಅಂತ 2014ರಲ್ಲಿ ತುಂಬಾ ಸ್ಟಡಿಗಳನ್ನ ಒಟ್ಟುಗೂಡಿಸಿ ನೋಡಿದಾಗ ಗೊತ್ತಾಯ್ತು. ಮಂಡಿ ಚೆನ್ನಾಗಿದ್ರೂ ಹಿಂದೆ ಉಳಿಯೋರು ಬಹಳ ಜನ, ಅದಕ್ಕೆ ಭಯ ಒಂದು ದೊಡ್ಡ ಕಾರಣ.
ಇಷ್ಟು ಬಂದ್ರೆ ಪಾಸ್ ಅನ್ನೋ ಒಂದೇ ನಂಬರ್ ಮಾತ್ರ ಇಲ್ಲ, ಒಂದೊಂದು ಸ್ಟಡಿ ಒಂದೊಂದು ಹೇಳುತ್ತೆ. ಹಾಗಾಗಿ 47 ಅಂತ ಕೊರಗ್ಬೇಡಿ, ಆ 12ರಲ್ಲಿ ಯಾವ್ದಕ್ಕೆ ಕಮ್ಮಿ ಹಾಕಿದ್ರಿ ಅನ್ನೋದು ನೋಡಿ, ಅಸಲಿ ವಿಷಯ ಅಲ್ಲಿರುತ್ತೆ.

ಬ್ಯಾಕ್‌ಲೈನ್:
ಒಂದು ಮಾತು, ಫಾರ್ಮ್ ಸರಿಯಾಗಿ ತುಂಬಿದ್ರಾ ಚೆಕ್ ಮಾಡಿ. ಭಯದ ಪ್ರಶ್ನೆಗಳಲ್ಲಿ 0 ಅಂದ್ರೆ ವಿಪರೀತ ಭಯ, 10 ಅಂದ್ರೆ ಭಯಾನೇ ಇಲ್ಲ, ಎಷ್ಟೋ ಜನ ಉಲ್ಟಾ ಹಾಕ್ಬಿಡ್ತಾರೆ. ಆಮೇಲೆ ಆಯಾಸ ಆದ ದಿನ ತುಂಬಿದ್ದನ್ನೇ ಹಿಡ್ಕೊಂಡು ಕೂರ್ಬೇಡಿ, ಕೆಲವು ವಾರ ಬಿಟ್ಟು ಮತ್ತೆ ತುಂಬಿ, ಏರ್ತಿದೆಯಾ ಇಲ್ವಾ ನೋಡಿ.

ಕೋಚ್_ಎಂ:
ನಂಗೆ ಕಮ್ಮಿ ಸ್ಕೋರ್‌ಗಿಂತ ಜಾಸ್ತಿ ಚಿಂತೆ ಆಗೋದು ಆರನೇ ತಿಂಗಳಿಗೇ 95 ತಗೊಂಡು ಬರೋ ಚಿಕ್ಕ ವಯಸ್ಸಿನ ಹುಡುಗ್ರನ್ನ ನೋಡಿದ್ರೆ. ಒಂಬತ್ತು ತಿಂಗಳ ತನಕ, ಒಂದೊಂದು ತಿಂಗ್ಳು ತಡ ಮಾಡಿದಷ್ಟೂ ಮತ್ತೆ ಪೆಟ್ಟಾಗೋ ಪ್ರಮಾಣ ಅರ್ಧದಷ್ಟು ಇಳಿಯುತ್ತೆ ಅಂತ 2016ರ ಡೆಲವೇರ್-ಓಸ್ಲೋ ಸ್ಟಡಿ ತೋರಿಸಿದೆ, ಇವ್ರು ಧೈರ್ಯ ಇದೆ ಅಂತ ಮುಂಚೇನೇ ನುಗ್ತಾರೆ. ಧೈರ್ಯ ಇದ್ದ ಮಾತ್ರಕ್ಕೆ ಲಿಗಮೆಂಟ್ ಗಟ್ಟಿಯಾಗಲ್ಲ. ನೀವು ಆ ಗಡಿ ದಾಟಿದೀರ, ಕಾಲೂ ಪಾಸು, ಉಳಿದಿದ್ದು ಇದೊಂದೇ, ಇದು ಪ್ರಾಕ್ಟೀಸಲ್ಲಿ ಬರೋದು.

ವಾಲಿಬಾಲ್_ಹುಡುಗಿ:
ಫಾರ್ಮ್ ತೆಗ್ದು ನೋಡ್ದೆ, ಉಲ್ಟಾ ಹಾಕಿಲ್ಲ. ಕಾನ್ಫಿಡೆನ್ಸ್ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ 7, 8 ಇದೆ. ಪೂರ್ತಿ ಬಿದ್ದಿರೋದು ಎರಡು ಕಡೆ, ಮಂಡಿ ಜಾರಿಬಿಡುತ್ತೆ ಅನ್ನೋದು, ಮತ್ತೆ ಆಪರೇಷನ್, ರಿಹ್ಯಾಬ್ ಎಲ್ಲ ಮೊದ್ಲಿಂದ ಅನುಭವಿಸ್ಬೇಕಾ ಅನ್ನೋದು. ಇದಕ್ಕೇನ್ ಮಾಡ್ಲಿ?

ಫಿಸಿಯೋ_ಎಸ್:
ಈಗ ದಾರಿ ಸಿಕ್ತು ನೋಡಿ. ಮೊದಲನೇದಕ್ಕೆ, ಭಯ ಆಗೋ ಇಳಿಯುವಿಕೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಮಾಡಿ: ಮೊದ್ಲು ಎರಡೂ ಕಾಲಲ್ಲಿ, ಆಮೇಲೆ ಒಂದೇ ಕಾಲಲ್ಲಿ, ಆಮೇಲೆ ನೆಟ್ ಹತ್ರ ಬಾಲ್ ಜೊತೆ, ಕೊನೆಗೆ ಎದುರು ಆಟಗಾರ್ತಿ ಇಟ್ಕೊಂಡು. ವಿಡಿಯೋ ಮಾಡ್ಕೊಳ್ಳಿ, ಮಂಡಿ ಒಳಗೆ ವಾಲದೆ ನಿಲ್ಲೋದನ್ನ ಕಣ್ಣಾರೆ ನೋಡಿದ್ರೆ ಬರೋ ನಂಬಿಕೆ ನಾನು ಸಾವಿರ ಸಲ ಹೇಳಿದ್ರೂ ಬರಲ್ಲ. ಎರಡನೇದು ಮಾತಾಡಿ ಇಳಿಸ್ಬೇಕಾದ ಭಾರ, ಸಾಧ್ಯ ಆದ್ರೆ ಸ್ಪೋರ್ಟ್ಸ್ ಸೈಕಾಲಜಿಸ್ಟ್ ಹತ್ರ ಹೋಗಿ, ಅದ್ರಲ್ಲಿ ನಾಚಿಕೆ ಏನೂ ಇಲ್ಲ. ಈ ಎರಡು ಉತ್ತರಾನೂ ನಿಮ್ಮ ಫಿಸಿಯೋಗೆ ತೋರಿಸಿ, ಮ್ಯಾಚ್ ಯಾವಾಗ ಅನ್ನೋದನ್ನ ಇಬ್ರೂ ಕೂತು ಮಾತಾಡಿ.