ಪದಚರ್ಚೆ: ಐರ್ಲೆಂಡಿನ ‘ಟ್ರಬಲ್ಸ್’ಗೆ ಏನನ್ನೋಣ? ಗಲಾಟೆಯೋ, ಹಾವಳಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಮೂರು ವಾರದಿಂದ ನನ್ನನ್ನು ಸತಾಯಿಸುತ್ತಿದೆ. ನನ್ನೊಬ್ಬನಿಂದ ಬಗೆಹರಿಯುವ ಹಾಗೆ ಕಾಣುತ್ತಿಲ್ಲ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ.

ಹಾಸನದಲ್ಲಿ ನಾವು ಹದಿನೈದಿಪ್ಪತ್ತು ಜನ ಸೇರಿ ತಿಂಗಳಿಗೆರಡು ಸಿನಿಮಾ ನೋಡುತ್ತೇವೆ. ಈ ಸಲದ ಸರದಿ ಐರ್ಲೆಂಡಿನದು. ಆರು ಚಿತ್ರ, ಅದರಲ್ಲಿ ಎರಡು ಸಾಕ್ಷ್ಯಚಿತ್ರ. ಬರುವವರಲ್ಲಿ ಅರ್ಧ ಜನ ಇಂಗ್ಲಿಷ್ ಸಾಲು ಓದಿ ಮುಗಿಸುವಷ್ಟರಲ್ಲಿ ದೃಶ್ಯವೇ ಬದಲಾಗಿರುತ್ತದೆ, ಹಾಗಾಗಿ ಕನ್ನಡದ ಸಬ್‌ಟೈಟಲ್ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಪರದೆಯ ಮೇಲೆ ಸಿಗುವುದು ಎರಡು ಸಾಲು, ಸಾಲಿಗೆ ನಾಲ್ಕೈದು ಪದ, ಎರಡು ಮೂರು ಸೆಕೆಂಡು. ಅಡಿಟಿಪ್ಪಣಿ ಹಾಕುವಂತಿಲ್ಲ, ವಿವರಣೆ ಕೊಡುವಂತಿಲ್ಲ. ಪದ ತಪ್ಪಿದರೆ ನೋಡುವವರು ಸಿನಿಮಾ ಬಿಟ್ಟು ಪದದ ಹಿಂದೆ ಹೋಗಿಬಿಡುತ್ತಾರೆ.

ಸಿಕ್ಕಿಕೊಂಡಿರುವ ಪದ ‘ದ ಟ್ರಬಲ್ಸ್’. 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ ಉತ್ತರ ಐರ್ಲೆಂಡಿನಲ್ಲಿ ನಡೆದದ್ದಕ್ಕೆ ಅಲ್ಲಿಯವರ ಬಾಯಲ್ಲಿ ನಿಂತಿರುವ ಹೆಸರು. ಸತ್ತವರು 3,500ಕ್ಕೂ ಹೆಚ್ಚು. ಆಗ ಆ ಪ್ರಾಂತ್ಯದ ಜನಸಂಖ್ಯೆ ಸುಮಾರು 15 ಲಕ್ಷ, ಅಂದರೆ ಈಗಿನ ನಮ್ಮ ಹಾಸನ ಜಿಲ್ಲೆಗಿಂತ ಕಡಿಮೆ. ಕಾರಿನಲ್ಲಿ ಬಾಂಬು, ಬಾಗಿಲು ತಟ್ಟಿ ಗುಂಡು, ಓಣಿ ಓಣಿಯ ನಡುವೆ ಗೋಡೆ, ಬೀದಿಯಲ್ಲಿ ಬ್ರಿಟಿಷ್ ಸೈನಿಕರು. ಇಷ್ಟನ್ನೂ ಕೂಡಿಸಿ ಅವರು ‘ಟ್ರಬಲ್ಸ್’ ಅನ್ನುತ್ತಾರೆ. ನಿಘಂಟು ಹಿಡಿದು ‘ತೊಂದರೆಗಳು’ ಎಂದು ಹಾಕಿದೆನೆಂದರೆ ಕರೆಂಟು ತೆಗೆಯುವ ದಿನ ಪೇಪರಿನಲ್ಲಿ ಬರುವ ಪ್ರಕಟಣೆಯ ಹಾಗಾಗುತ್ತದೆ.

ಪತ್ರಿಕೆಯ ಪದಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ‘ಸಂಘರ್ಷ’ಕ್ಕೆ ಮುಖವೇ ಇಲ್ಲ, ಮಾನವ–ವನ್ಯಜೀವಿ ಸಂಘರ್ಷಕ್ಕೂ ಅದೇ, ಗುತ್ತಿಗೆ ನೌಕರರ ಸಂಘರ್ಷಕ್ಕೂ ಅದೇ. ‘ಕೋಮುಗಲಭೆ’ ಎಲ್ಲರಿಗೂ ಮೊದಲು ಹೊಳೆಯುವ ಪದ, ಒಂದು ಕಡೆ ಕ್ಯಾಥೊಲಿಕ್ಕರು ಇನ್ನೊಂದು ಕಡೆ ಪ್ರಾಟೆಸ್ಟೆಂಟರು ಅಂದಮೇಲೆ. ಆದರೆ ಜಗಳ ಇದ್ದದ್ದು ದೇವರ ಬಗ್ಗೆ ಅಲ್ಲ. ಆ ನೆಲ ಬ್ರಿಟನ್ನಿಗೆ ಸೇರಬೇಕೋ ಐರ್ಲೆಂಡಿಗೋ, ಸರ್ಕಾರಿ ಮನೆ ಯಾರಿಗೆ, ಕೆಲಸ ಯಾರಿಗೆ, ಓಟು ಎಷ್ಟು ಎಂಬುದರ ಬಗ್ಗೆ. 1972ರ ಜನವರಿ 30ರಂದು ಡೆರಿ ನಗರದಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯಲ್ಲಿ 13 ಜನ ಅಂದೇ ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದ್ದು ಎದುರು ಕೋಮಿನವರಲ್ಲ, ಬ್ರಿಟಿಷ್ ಸೈನ್ಯದ ಪ್ಯಾರಾಚೂಟ್ ರೆಜಿಮೆಂಟಿನವರು. ಆ ದಿನವನ್ನು ಕ್ಯಾಮೆರಾ ಕೈಯಲ್ಲೇ ಹಿಡಿದು ಓಡಾಡಿದಂತೆ ತೋರಿಸುವ ‘ಬ್ಲಡಿ ಸಂಡೇ’ (2002) ನಮ್ಮ ಪಟ್ಟಿಯಲ್ಲಿದೆ. ಅದರ ಕೆಳಗೆ ‘ಕೋಮುಗಲಭೆ’ ಎಂದು ಬರೆಯಲು ನನಗೆ ಕೈ ಬರಲಿಲ್ಲ.

‘ದಂಗೆ’ ಆಳುವವರ ಪದ. ‘ಸಿಪಾಯಿ ದಂಗೆ’ ಅಂದವರು ಯಾರು, ಅದನ್ನು ‘ಸ್ವಾತಂತ್ರ್ಯ ಸಂಗ್ರಾಮ’ ಅಂದವರು ಯಾರು ಎಂದು ಇಲ್ಲಿ ಹೇಳಬೇಕಾಗಿಲ್ಲ. ‘ಯುದ್ಧ’ ಅಂದರೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದ ಗುಂಪಾದ ಐಆರ್‌ಎ ಕಡೆ ವಾಲಿದ ಹಾಗೆ. ಅಲ್ಲಿ ಎಲ್ಲ ಪದಕ್ಕೂ ಪಕ್ಷ ಇದೆ. ಒಂದೇ ಊರನ್ನು ಡೆರಿ ಅಂದರೆ ಒಂದು ಪಕ್ಷ, ಲಂಡನ್‌ಡೆರಿ ಅಂದರೆ ಇನ್ನೊಂದು. ‘ಉತ್ತರ’ ಅನ್ನುವ ದಿಕ್ಕೂ ನೆಟ್ಟಗಿಲ್ಲ ನೋಡಿ: ಸ್ವತಂತ್ರ ಐರ್ಲೆಂಡ್ ಗಣರಾಜ್ಯದಲ್ಲಿರುವ, ಅಂದರೆ ಮಾತಿನಲ್ಲಿ ‘ದಕ್ಷಿಣ’ಕ್ಕೆ ಸೇರಿದ ಡೊನೆಗಾಲ್ ಜಿಲ್ಲೆಯ ತುದಿ ಉತ್ತರ ಐರ್ಲೆಂಡಿಗಿಂತ ಉತ್ತರಕ್ಕಿದೆ. ಇಂಥ ಕಡೆ ಎಲ್ಲರೂ ಬಳಸಬಹುದಾದ ಪದ ಅಂತ ಉಳಿದದ್ದು ‘ಟ್ರಬಲ್ಸ್’ ಒಂದೇ ಅನ್ನಿಸುತ್ತದೆ.

ನನಗೆ ಕೊನೆಗೆ ಒಪ್ಪಿಗೆಯಾದದ್ದು ‘ಗಲಾಟೆ’. ನಾವು ‘ಕಾವೇರಿ ಗಲಾಟೆ’ ಅನ್ನುತ್ತೇವಲ್ಲ. 1991ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಜೀವಗಳು ಹೋದವು, ಮನೆ ಅಂಗಡಿ ಸುಟ್ಟವು. ಆದರೂ ಆಗ ಅಲ್ಲಿದ್ದವರು ಇವತ್ತಿಗೂ ಹೇಳುವುದು ‘ಗಲಾಟೆ ಟೈಮಲ್ಲಿ’ ಅಂತಲೇ. ಹಾಗೆಯೇ ‘ಗಲಾಟೆ ಶುರುವಾದಾಗ’, ‘ಗಲಾಟೆಗೆ ಮುಂಚೆ’ ಎಂದು ಹಾಕಿ ಒಂದು ತುಣುಕನ್ನು ನಮ್ಮ ಮನೆಯಲ್ಲೇ ನಾಲ್ಕು ಜನಕ್ಕೆ ತೋರಿಸಿದೆ. ಪರದೆಯ ಮೇಲೆ ಸುಟ್ಟ ಬಸ್ಸು, ಮುದುಕಿಯೊಬ್ಬಳು ಮಾತಾಡುತ್ತಿದ್ದಾಳೆ, ಕೆಳಗೆ ‘ಗಲಾಟೆ ಮೂವತ್ತು ವರ್ಷ ನಡೀತು’. ಒಬ್ಬರು ಫಕ್ಕನೆ ನಕ್ಕರು. ಅವರ ತಪ್ಪಲ್ಲ. ಗಲಾಟೆ ಮಾಡುವುದು ಮಕ್ಕಳು, ಛತ್ರದಲ್ಲಿ ಬೀಗರು. ಒಂದು ದಿನ, ಒಂದು ವಾರದ ಗಲಾಟೆ ಇರುತ್ತದೆ. ಮೂವತ್ತು ವರ್ಷದ್ದು ಇರುವುದಿಲ್ಲ.

ಆ ನಾಲ್ವರಲ್ಲಿ ಬೀದರ್ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿದ್ದರು. “ಹಾವಳಿ ಅಂತ ಹಾಕ್ರಿ” ಅಂದರು. “ನಮ್ಮಣ್ಣ ಹಾವಳ್ಯಾಗ ಹುಟ್ಟಿದಾಂವ ಅಂತ ನಮ್ಮವ್ವ ಸಾಯೂತನಕಾ ಹೇಳ್ತಿದ್ಲು.” 1947–48ರ ರಜಾಕಾರರ ಹಾವಳಿ. ಇಸವಿ ಬೇಕಿಲ್ಲ, ತಾರೀಕು ಬೇಕಿಲ್ಲ, ಹಾವಳಿ ಅಂದರೆ ಅದೇ ಕಾಲ. ಬೆಲ್‌ಫಾಸ್ಟಿನವರೂ ‘ಟ್ರಬಲ್ಸ್’ ಪದವನ್ನು ಹೀಗೆಯೇ ಕಾಲಸೂಚಕವಾಗಿ ಬಳಸುತ್ತಾರೆ. ತೂಕವೂ ಸರಿಹೋಯಿತು, ಯಾರೂ ನಗಲಿಲ್ಲ.

ಆದರೆ ರಾತ್ರಿ ಮಲಗಿದ ಮೇಲೆ ಹೊಳೆಯಿತು: ಹಾವಳಿಗೆ ಯಾವಾಗಲೂ ಒಬ್ಬ ಯಜಮಾನ ಬೇಕು. ರಜಾಕಾರರ ಹಾವಳಿ, ಪಿಂಡಾರಿಗಳ ಹಾವಳಿ, ಮಂಗಗಳ ಹಾವಳಿ, ನಮ್ಮ ಸಕಲೇಶಪುರದ ಕಡೆಯಾದರೆ ಕಾಡಾನೆ ಹಾವಳಿ. ಬರೀ ‘ಹಾವಳಿ’ ಅಂದರೆ ಕೇಳುವವರ ಮನಸ್ಸು ತಾನಾಗಿ ‘ಯಾರದು?’ ಅನ್ನುತ್ತದೆ. ಬೀದರಿನಲ್ಲಿ ಆ ಪ್ರಶ್ನೆ ಏಳುವುದಿಲ್ಲ, ಉತ್ತರ ಊರಿಗೆಲ್ಲ ಗೊತ್ತು. ‘ಟ್ರಬಲ್ಸ್’ಗೋ ಯಜಮಾನನೇ ಇಲ್ಲ. ಅದು ಬಂತು, ಇತ್ತು, ಹೋಯಿತು, ಮಳೆಯ ಹಾಗೆ. ಆ ಪದ ಬದುಕಿರುವುದೇ ಯಾರ ಕಡೆಗೂ ಬೆರಳು ತೋರಿಸುವುದಿಲ್ಲ ಎಂಬ ಕಾರಣಕ್ಕೆ. ‘ಗಲಾಟೆ’ಯಲ್ಲಿ ಆ ಗುಣ ಇದೆ, ಕಾವೇರಿ ಗಲಾಟೆಯಲ್ಲಿ ವಿಷಯ ಇದೆಯೇ ಹೊರತು ಮಾಡಿದವರಿಲ್ಲ. ಒಟ್ಟಿನಲ್ಲಿ ಗಲಾಟೆಯ ನಡತೆ ಸರಿ, ತೂಕ ಸಾಲದು. ಹಾವಳಿಯ ತೂಕ ಸರಿ, ನಡತೆ ಬೇರೆ. ನನ್ನ ಪ್ರಶ್ನೆ ಇಷ್ಟೇ.

ಇನ್ನೊಂದು ಎಳೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಐರ್ಲೆಂಡಿನಲ್ಲಿ ಸಾವಿನ ಮನೆಗೆ ಹೋದವರು ಕೈ ಹಿಡಿದು ಹೇಳುವ ಮಾತಿನಲ್ಲೂ ಇದೇ ‘ಟ್ರಬಲ್’ ಇದೆ. ಐರಿಶ್ ಭಾಷೆಯಲ್ಲಿ ‘ನೀ ಮಾ ಲುಮ್ ದು ಹ್ರಿಬ್ಲೋಡ್’, ಪದಕ್ಕೆ ಪದ ಇಟ್ಟರೆ ‘ನಿನ್ನ ಕಷ್ಟ ನನಗೆ ಒಳ್ಳೆಯದೆನಿಸುತ್ತಿಲ್ಲ’. ಅಂದರೆ ಆ ಪದಕ್ಕೆ ತಂಟೆ ತಕರಾರಿನ ಅರ್ಥದ ಪಕ್ಕದಲ್ಲೇ ಸೂತಕದ ಅರ್ಥವೂ ಇದೆ. ಮೂವತ್ತು ವರ್ಷದ ಸಾವುಗಳಿಗೆ ಹೆಸರಾಗಿ ಅದು ನಮಗೆ ಕೇಳಿಸುವಷ್ಟು ಹಗುರವಾಗಿ ಅವರಿಗೆ ಕೇಳಿಸದಿರುವುದಕ್ಕೆ ಇದೂ ಕಾರಣವಿರಬಹುದು ಎಂಬುದು ನನ್ನ ಊಹೆ. ನಮ್ಮಲ್ಲಿ ಇದಕ್ಕೆ ಸಮನಾದ ಮಾತು ಹುಡುಕಿದರೆ ಮೌನವೇ ಸಿಗುತ್ತದೆ. ಹೊರಡುವಾಗ ‘ಬರ್ತೀನಿ’ ಅನ್ನುವುದನ್ನೂ ನುಂಗಿಕೊಂಡು ಎದ್ದು ಬರುವವರು ನಾವು. ‘ಅನ್ ಕಾಲೀನ್ ಕ್ಯೂನ್’ (2022) ಚಿತ್ರದಲ್ಲಿ ಪುಟ್ಟ ಹುಡುಗಿಯನ್ನು ಸಾವಿನ ಮನೆಗೆ ಕರೆದೊಯ್ಯುವ ಪ್ರಸಂಗವಿದೆ. ಅಲ್ಲಿ ನಾನು ಸಾಧ್ಯವಾದಷ್ಟೂ ಸಾಲುಗಳನ್ನು ಕಡಿಮೆ ಮಾಡಿದ್ದೇನೆ.

ಆ ಚಿತ್ರ ಬಹುಪಾಲು ಐರಿಶ್ ಭಾಷೆಯಲ್ಲೇ ಇದೆ. ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗದ ಅಂತಿಮ ಪಟ್ಟಿಗೆ ಹೋದ ಮೊದಲ ಐರಿಶ್ ಭಾಷಾ ಚಿತ್ರ. ಇಂಗ್ಲಿಷ್ ಸಾಲಿನಿಂದ ಕನ್ನಡಕ್ಕೆ ತರುವಾಗ ಒದ್ದಾಡುತ್ತಿದ್ದ ನನಗೆ ಮೂಲದ ವ್ಯಾಕರಣ ಇಣುಕಿ ನೋಡಿದಾಗ ನಗು ಬಂತು. ಹಸಿವಾದರೆ ಅವರು ‘ನಾನು ಹಸಿದಿದ್ದೇನೆ’ ಅನ್ನುವುದಿಲ್ಲ, ‘ಹಸಿವು ನನ್ನ ಮೇಲಿದೆ’ ಅನ್ನುತ್ತಾರೆ, ನಮ್ಮ ‘ನನಗೆ ಹಸಿವಾಗಿದೆ’ಯ ಪಕ್ಕದ ಮನೆ. ದುಃಖವೂ ಮೇಲೆ ಬರುವಂಥದ್ದೇ. ‘ಅರ್ಥವಾಯ್ತಾ?’ ಅಂದರೆ ಹೌದು ಅನ್ನಲು ಅವರಿಗೆ ಪದವಿಲ್ಲ, ಕ್ರಿಯಾಪದವನ್ನೇ ತಿರುಗಿಸಿ ‘ಅರ್ಥವಾಯ್ತು’ ಅನ್ನಬೇಕು. ನಡುವೆ ಇಂಗ್ಲಿಷ್ ಇಲ್ಲದಿದ್ದರೆ ಅರ್ಧ ಕೆಲಸ ತಾನೇ ಆಗುತ್ತಿತ್ತು.

ಎರಡನೇ ಪ್ರಶ್ನೆ ‘ದ ಡಿಸಪಿಯರ್ಡ್’ ಬಗ್ಗೆ. ಐಆರ್‌ಎಯವರು ಹಿಡಿದೊಯ್ದು ಕೊಂದು ಗುಟ್ಟಾಗಿ ಹೂತವರಿಗೆ ಈ ಹೆಸರು. ಡಲೋರ್ಸ್ ಪ್ರೈಸ್ ಎಂಬ ಐಆರ್‌ಎ ಹೆಂಗಸು ತಾನು ಸತ್ತ ಮೇಲೆ ಹೊರಬರಲಿ ಎಂದು 2010ರಲ್ಲಿ ಕೊಟ್ಟ ಸಂದರ್ಶನದ ಮೇಲೆ ಕಟ್ಟಿದ ‘ಐ, ಡಲೋರ್ಸ್’ (2018) ಸಾಕ್ಷ್ಯಚಿತ್ರದಲ್ಲಿ ಇದು ಬರುತ್ತದೆ; ಅಂಥವರನ್ನು ಕಾರಿನಲ್ಲಿ ಗಡಿ ದಾಟಿಸಿದವಳು ಆಕೆಯೇ. ‘ಕಾಣೆಯಾದವರು’ ಅಂದರೆ ಪೊಲೀಸ್ ಠಾಣೆಯ ಗೋಡೆಯ ಮೇಲಿನ ಚೀಟಿ, ತಾವಾಗಿ ಮನೆ ಬಿಟ್ಟು ಹೋದವರು. ‘ಕಾಣೆ ಮಾಡಿದವರು’ ಅಂದರೆ ಕೊಲೆಗಾರರೇ ಆಗಿಬಿಡುತ್ತಾರೆ, ಕನ್ನಡದ ಜಾಯಮಾನವೇ ಹಾಗೆ: ‘ಕೊಂದವರು’ ಅಂದಾಗ ನಮಗೆ ಕಾಣುವುದು ಕತ್ತಿ ಹಿಡಿದ ಕೈ, ಸತ್ತ ದೇಹವಲ್ಲ. ‘ಕಾಣೆ ಮಾಡಲ್ಪಟ್ಟವರು’ ವ್ಯಾಕರಣಕ್ಕೆ ಸರಿ, ಕಿವಿಗೆ ತಾಲೂಕು ಕಚೇರಿಯ ಸುತ್ತೋಲೆ.

ಇದೇ ಚಿತ್ರದಲ್ಲಿ ಇಂಗ್ಲಿಷಿನ ‘ಬರಿ’ ಎಂಬ ಒಂದೇ ಕ್ರಿಯಾಪದಕ್ಕೆ ನನಗೆ ಎರಡು ಬೇಕಾದವು, ಇಲ್ಲಿ ಕನ್ನಡವೇ ಗೆದ್ದಿತು. ಕೊಂದವರು ಮಾಡಿದ್ದು ‘ಹೂತುಹಾಕಿದ್ದು’. ಮನೆಯವರು ಮಾಡಬೇಕಾದದ್ದು ‘ಮಣ್ಣು ಮಾಡುವುದು’. ಹತ್ತು ಮಕ್ಕಳ ತಾಯಿಯೊಬ್ಬಳನ್ನು 1972ರ ಡಿಸೆಂಬರಿನಲ್ಲಿ ಬೆಲ್‌ಫಾಸ್ಟಿನ ಮನೆಯಿಂದ ಎಳೆದೊಯ್ದರು, ಅವಳ ಮೂಳೆ ಸಿಕ್ಕಿದ್ದು 2003ರಲ್ಲಿ, ಗಡಿಯಾಚೆ ಸಮುದ್ರದ ದಂಡೆಯಲ್ಲಿ. ಮೂವತ್ತು ವರ್ಷ ಅವಳು ಮಣ್ಣಿನಲ್ಲೇ ಇದ್ದಳು, ಮಣ್ಣು ಮಾತ್ರ ಆಗಿರಲಿಲ್ಲ. ಇದನ್ನು ಹಿಡಿದುಕೊಂಡು ‘ಮಣ್ಣು ಕಾಣದವರು’ ಎಂದು ಹಾಕಲೇ? ನಮ್ಮ ಕಡೆ ‘ಮಣ್ಣಿಗೆ ಹೋಗಿದ್ದೆ’ ಅಂದರೆ ಶವಸಂಸ್ಕಾರಕ್ಕೆ ಹೋಗಿದ್ದೆ ಎಂದೇ ಅರ್ಥ. ಕರಾವಳಿ, ಧಾರವಾಡದ ಕಡೆಯವರಿಗೆ ಇದು ತಟ್ಟುತ್ತದೆಯೇ, ಹೇಳಿ.

ಮೂರನೆಯದು ‘ಬ್ಲ್ಯಾಕ್ 47’ (2018), 1845ರಿಂದ ಶುರುವಾದ ಮಹಾಕ್ಷಾಮದ ಚಿತ್ರ. ‘ಕರಾಳ 47’ ಎಂದು ಪೋಸ್ಟರಿಗೆ ಬರೆದೆ, ನೋಡಿದವರೆಲ್ಲ ದೇಶವಿಭಜನೆಯ ಸಿನಿಮಾನಾ ಅಂದರು! 1847 ಎಂದು ಪೂರ್ತಿ ಹಾಕಿದ್ದೇನೆ, ಆ ಮಾತು ಮುಗಿಯಿತು. ‘ಬರ’ ಮಾತ್ರ ಒಪ್ಪುತ್ತಿಲ್ಲ. ಅಲ್ಲಿ ಮಳೆ ಕೈಕೊಟ್ಟಿರಲಿಲ್ಲ, ತಂಪು, ತೇವ, ಮೋಡವೇ ಆಲೂಗಡ್ಡೆಯ ರೋಗವನ್ನು ಹಬ್ಬಿಸಿದ್ದು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು, ಆ ವರ್ಷಗಳಲ್ಲೂ ಕಾಳು, ದನ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಉತ್ತರ ಕರ್ನಾಟಕದ ರೈತರು ಅತಿವೃಷ್ಟಿಯಲ್ಲಿ ‘ಹಸಿ ಬರ’ ಘೋಷಿಸಿ ಅನ್ನುತ್ತಾರಲ್ಲ, ಅದು ಹತ್ತಿರ ಬರುತ್ತದೆ. ಐರಿಶ್‌ನಲ್ಲಿ ಇದಕ್ಕೆ ಎರಡು ಹೆಸರು: ‘ಗೊರ್ತಾ ಮೋರ್’ ಅಂದರೆ ದೊಡ್ಡ ಹಸಿವು, ‘ದ್ರೊಖ್‌ಹೀಲ್’ ಅಂದರೆ ಕೆಟ್ಟ ಬಾಳು, ಕೆಟ್ಟ ಕಾಲ. ನಾನು ‘ದೊಡ್ಡ ಹಸಿವು’ ಎಂದೇ ಹಾಕಿದ್ದೇನೆ. ರೋಗದ ಹೆಸರಿಗೆ ಮಾತ್ರ ಯಾರನ್ನೂ ಕೇಳಲಿಲ್ಲ. ಹಾಸನದ ಆಲೂಗಡ್ಡೆ ಬೆಳೆಗಾರರ ಮುಂದೆ ‘ಅಂಗಮಾರಿ’ ಅಂದರೆ ಸಾಕು. ಸಂಜೆ ಹಸಿರಾಗಿದ್ದ ಹೊಲ ಎರಡು ದಿನದಲ್ಲಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗುವುದನ್ನು, ಆ ವಾಸನೆಯನ್ನು, ಅವರಿಗೆ ಸಿನಿಮಾ ತೋರಿಸಬೇಕಾಗಿಲ್ಲ. ಅದೇ ರೋಗ, ಅದೇ ಜೀವಿ.

ಸಣ್ಣವು ಎರಡು. ಎರಡನೇ ಮಹಾಯುದ್ಧದ ಕಾಲಕ್ಕೆ ಐರ್ಲೆಂಡಿನಲ್ಲಿ ‘ದ ಎಮರ್ಜೆನ್ಸಿ’ ಎಂಬ ಹೆಸರು, ದೇಶ ಯುದ್ಧದಿಂದ ಹೊರಗಿತ್ತು, ಚಹಕ್ಕೂ ರೇಷನ್. ‘ತುರ್ತುಪರಿಸ್ಥಿತಿ’ ಅಂದರೆ ನಮ್ಮವರು 1975ಕ್ಕೆ ಹಾರುತ್ತಾರೆ, ಹಾಗಾಗಿ ‘ಯುದ್ಧಕಾಲ’ ಎಂದು ಮುಗಿಸಿದ್ದೇನೆ. ಮತ್ತೊಂದು ‘ಮ್ಯಾನ್ ಆಫ್ ಅರಾನ್’ (1934): ಬಂಡೆಯ ಮೇಲೆ ಕಡಲಪಾಚಿ ಹರಡಿ ಹೊಲ ಮಾಡುವ ದ್ವೀಪದವರ ಚಿತ್ರ, ನೋಡಲೇಬೇಕಾದದ್ದು. ಆದರೆ ಅದರ ಶಾರ್ಕ್ ಬೇಟೆ ಆ ಜನ ಎಷ್ಟೋ ದಶಕದ ಹಿಂದೆ ಬಿಟ್ಟಿದ್ದು, ಚಿತ್ರಕ್ಕಾಗಿ ಈಟಿ ಎಸೆಯುವುದನ್ನು ಹೊಸದಾಗಿ ಕಲಿತರು. ತಂದೆ, ತಾಯಿ, ಮಗ ನಿಜವಾಗಿ ಒಂದೇ ಮನೆಯವರಲ್ಲ. ಇದಕ್ಕೆ ‘ಸಾಕ್ಷ್ಯಚಿತ್ರ’ ಅಂದರೆ ಸುಳ್ಳು ಸಾಕ್ಷಿ ಹೇಳಿದ ಹಾಗಾಗುವುದಿಲ್ಲವೇ ಎಂದು ನಮ್ಮ ಗುಂಪಿನ ವಕೀಲರು ಕೇಳಿದರು. ಇಂಗ್ಲಿಷಿನವರು ದಾಖಲೆ ಅಂದಷ್ಟಕ್ಕೆ ಬಿಟ್ಟರು, ನಾವು ಕಟಕಟೆ ಹತ್ತಿಸಿಬಿಟ್ಟೆವು.

‘ಬ್ಲಡಿ ಸಂಡೇ’ ಬರುವ ಭಾನುವಾರ ಸಂಜೆ. ‘ಟ್ರಬಲ್ಸ್’ಗೆ ಗಲಾಟೆ, ಹಾವಳಿ ಎರಡೂ ಅಲ್ಲದ, ನಿಮ್ಮ ಮನೆಯಲ್ಲೋ ಊರಲ್ಲೋ ಹಿರಿಯರು ಇಂಥ ಕಾಲಕ್ಕೆ ಬಳಸುತ್ತಿದ್ದ ಪದ ಇದ್ದರೆ ಶುಕ್ರವಾರದೊಳಗೆ ತಿಳಿಸಿ. ನಿಘಂಟಿನದು ಬೇಡ, ಬಾಯಲ್ಲಿ ಕೇಳಿದ್ದು ಬೇಕು. ಒಂದೂ ಸಿಗದಿದ್ದರೆ ‘ಟ್ರಬಲ್ಸ್’ ಎಂದೇ ಬಿಟ್ಟು, ಚಿತ್ರ ಶುರುವಾಗುವ ಮುಂಚೆ ಮೇಷ್ಟ್ರ ಕೈಲಿ ಅವರಣ್ಣ ಹುಟ್ಟಿದ ಕಥೆ ಹೇಳಿಸುತ್ತೇನೆ.